ಕೊತ್ತಂಬರಿ ದೀಪಾವಳಿ ಕಳೆದ ಮೇಲೆ

ಹೊಸದಾಗಿ ಚಟ್ಟಿಯಲ್ಲಿ ಸೊಪ್ಪು ಬೆಳೆಸಲು ಹೊರಟವರೆಲ್ಲ ಮೊದಲು ಕೊತ್ತಂಬರಿಗೇ ಕೈ ಹಾಕುತ್ತಾರೆ. ಅಡುಗೆಮನೆಯ ಡಬ್ಬದಲ್ಲಿ ಬೀಜ ಹೇಗೂ ಇರುತ್ತದೆ, ಅಲ್ವಾ? ಮಳೆ ಬಂತು, ಮಣ್ಣು ತಂಪಾಯಿತು ಅಂತ ಜೂನ್‌ನಲ್ಲಿ ಹಾಕಿಬಿಡುತ್ತಾರೆ. ಮೊಳಕೆ ಬರುತ್ತದೆ, ನಾಲ್ಕು ಎಲೆಯೂ ಬಿಡುತ್ತದೆ. ಆಮೇಲೆ ಬುಡ ಕೊಳೆತು ಮಲಗುತ್ತದೆ. ನಮ್ಮ ಕೈಗುಣವೇ ಸರಿಯಿಲ್ಲ ಅಂತ ಅಲ್ಲಿಗೇ ಕೈಬಿಡುತ್ತಾರೆ. ಕೈಗುಣದ ತಪ್ಪಲ್ಲ ಅದು, ಹೊತ್ತಿನ ತಪ್ಪು. ಮಂಗಳೂರು, ಉಡುಪಿಯಲ್ಲಿ ವರ್ಷಕ್ಕೆ 3500 ಮಿಲಿಮೀಟರಿಗೂ ಜಾಸ್ತಿ ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಈ ನಾಲ್ಕು ತಿಂಗಳಲ್ಲಿ ಚಟ್ಟಿಯ ಗಿಡ ಸಾಯುವುದು ನೀರು ಹೆಚ್ಚಾಗಿ. ಇದನ್ನು ನೆನಪಿಟ್ಟುಕೊಂಡೇ ಗಿಡ ಆರಿಸಬೇಕು, ಮಣ್ಣು ಕಲಸಬೇಕು.

ಮೊದಲು ಮಣ್ಣಿನ ಮಾತು. ನಮ್ಮ ಕೆಂಪು ಮಣ್ಣನ್ನು ಹಾಗೇ ತುಂಬಿಸಿದರೆ ಮಳೆಯಲ್ಲಿ ಕೆಸರಾಗುತ್ತದೆ, ಬಿಸಿಲಿಗೆ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಎರಡು ಪಾಲು ಕೆಂಪು ಮಣ್ಣಿಗೆ ಒಂದು ಪಾಲು ಚೆನ್ನಾಗಿ ಹುಡಿಯಾದ ಹಟ್ಟಿ ಗೊಬ್ಬರ, ಒಂದು ಪಾಲು ಹೊಳೆಯ ಹೊಯಿಗೆ, ಅಂದರೆ ಮರಳು, ಸೇರಿಸಿ. ಸಮುದ್ರದ ಹೊಯಿಗೆ ಬೇಡವೇ ಬೇಡ, ಅದರಲ್ಲಿ ಉಪ್ಪಿರುತ್ತದೆ. ತೆಂಗಿನ ನಾರಿನ ಹುಡಿಯನ್ನು ಈಗ ಎಲ್ಲರೂ ಹಾಕುತ್ತಾರೆ. ಬೇಸಿಗೆಯ ಚಟ್ಟಿಗೆ ಅದು ಒಳ್ಳೆಯದೇ. ಆದರೆ ಅದು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಹಾಗಾಗಿ ಮಳೆಗಾಲಕ್ಕೆ ತುಂಬಿಸುವ ಚಟ್ಟಿಗೆ ಕಡಿಮೆ ಮಾಡಿ. ಊರಿನ ಮನೆಯಿಂದ ಸುಡುಮಣ್ಣು, ಅಂದರೆ ತರಗೆಲೆ, ಕಸಕಡ್ಡಿ ಜೊತೆ ಸುಟ್ಟ ಮಣ್ಣು, ತರಲು ಸಾಧ್ಯವಿದ್ದರೆ ಒಂದೆರಡು ಬೊಗಸೆ ಖಂಡಿತ ಸೇರಿಸಿ. ನಮ್ಮ ಮಣ್ಣಿಗೆ ಹುಳಿ ಜಾಸ್ತಿ. ಸುಡುಮಣ್ಣಿನಲ್ಲಿರುವ ಬೂದಿ ಅದನ್ನು ಸ್ವಲ್ಪ ತಗ್ಗಿಸುತ್ತದೆ. ಮಲ್ಲಿಗೆ, ಬಸಳೆ ಬೆಳೆಸುವವರು ಸುಮ್ನೆ ಅದನ್ನು ಮಾಡಿ ಇಟ್ಟುಕೊಳ್ಳುವುದಿಲ್ಲ.

ಚಟ್ಟಿಯ ಅಡಿಯಲ್ಲಿ ತೂತು ಇರಲೇಬೇಕು. ತೂತಿನ ಮೇಲೆ ಒಡೆದ ಹಂಚಿನ ಒಂದು ಚೂರು ಬೋರಲಾಗಿ ಇಟ್ಟರೆ ಸಾಕು, ಮಣ್ಣು ಜಾರುವುದಿಲ್ಲ. ಅಡಿಗೆ ಕಲ್ಲು, ಜಲ್ಲಿ ದಪ್ಪಗೆ ಹರಡಿ ಉಪಯೋಗವಿಲ್ಲ. ಬೇರಿಗೆ ಜಾಗ ಕಡಿಮೆಯಾಗುತ್ತದೆ ಅಷ್ಟೆ. ಅಡಿಯ ತಟ್ಟೆಯನ್ನು ಮಳೆಗಾಲದಲ್ಲಿ ತೆಗೆದಿಡಿ. ಬೇರು ಕೊಳೆಯುವುದೂ ಅದರಿಂದ, ಸೊಳ್ಳೆಯಾಗುವುದೂ ಅದರಿಂದ. ಚಟ್ಟಿಯನ್ನು ಎರಡು ಇಟ್ಟಿಗೆ ತುಂಡಿನ ಮೇಲೆ ಎತ್ತರಿಸಿ ಇಡಿ.

ನೀರು ಹಾಕುವ ಮೊದಲು ಬೆರಳನ್ನು ಮಣ್ಣಿನಲ್ಲಿ ಒಂದು ಇಂಚು ಇಳಿಸಿ ನೋಡಿ. ತೇವ ಇದ್ದರೆ ಆ ದಿನ ಬೇಡ. ಏಪ್ರಿಲ್, ಮೇ ಸೆಕೆಯಲ್ಲಿ ಮಾತ್ರ ಬೆಳಿಗ್ಗೆ, ಸಂಜೆ ಎರಡು ಹೊತ್ತೂ ಬೇಕಾದೀತು.

ಇನ್ನು ಗಿಡ. ಶುರು ಮಾಡುವವರಿಗೆ ನನ್ನ ಲೆಕ್ಕದಲ್ಲಿ ಸಾಂಬ್ರಾಣಿಯಷ್ಟು ಒಳ್ಳೆಯದು ಬೇರೆ ಇಲ್ಲ. ಘಟ್ಟದ ಮೇಲಿನವರು ದೊಡ್ಡಪತ್ರೆ ಅನ್ನುತ್ತಾರಲ್ಲ, ಅದೇ. ನೆರೆಮನೆಯಿಂದ ನಾಲ್ಕು ಇಂಚಿನ ಒಂದು ತುಂಡು ಕೇಳಿ ತನ್ನಿ. ಕೆಳಗಿನ ಎಲೆ ಚಿವುಟಿ, ಅರ್ಧ ದಿನ ನೆರಳಲ್ಲಿ ಬಿಟ್ಟು, ಕಡಿದ ಜಾಗ ಒಣಗಿದ ಮೇಲೆ ಊರಿ. ಎಲೆ, ದಂಟು ಎರಡರಲ್ಲೂ ನೀರು ತುಂಬಿರುವ ಗಿಡ ಇದು. ಜಡಿಮಳೆಗೆ ಬಿಟ್ಟರೆ ಕರಗಿ ಹೋಗುತ್ತದೆ. ಮಾಡಿನ ಅಡಿಗೆ, ಬೆಳಕು ಬೀಳುವ ಕಡೆ ಇಡಿ. ಐದಾರು ಎಲೆ ಬಾಡಿಸಿ ತೆಂಗಿನಕಾಯಿ, ಮಜ್ಜಿಗೆ ಜೊತೆ ಕಡೆದರೆ ಒಂದು ಹೊತ್ತಿನ ತಂಬುಳಿ ಆಯಿತು.

ತಿಮರೆಯದ್ದು, ಅಂದರೆ ಒಂದೆಲಗದ್ದು, ಇದಕ್ಕೆ ಪೂರ್ತಿ ಉಲ್ಟಾ. ಅದಕ್ಕೆ ತೇವ ಬೇಕು, ಅರೆನೆರಳು ಬೇಕು, ಅಗಲವಾದ ಚಟ್ಟಿ ಬೇಕು. ಒಡೆದ ಹಳೆಯ ಬೇಸಿನ್‌ಗೆ ತೂತು ಮಾಡಿಕೊಂಡರೂ ನಡೆಯುತ್ತದೆ. ಬೇರು ಇರುವ ಒಂದೆರಡು ಗೆಣ್ಣು ನೆಟ್ಟರೆ ತಾನೇ ಹರಡುತ್ತದೆ. ಪುದಿನವೂ ಹಾಗೇ ಹರಡುವ ಜಾತಿ, ಅದಕ್ಕೆ ಬೇರೆಯೇ ಚಟ್ಟಿ ಕೊಡಿ. ಅಂಗಡಿಯ ಪುದಿನ ಕಟ್ಟಿನಲ್ಲಿ ದಪ್ಪ ದಂಟು ನಾಲ್ಕು ಆರಿಸಿ ಲೋಟದ ನೀರಲ್ಲಿ ನಿಲ್ಲಿಸಿ. ನೀರು ಬದಲಿಸುತ್ತಾ ಇದ್ದರೆ ಒಂದೆರಡು ವಾರದಲ್ಲಿ ಬೇರು ಕಾಣುತ್ತದೆ. ಆಮೇಲೆ ಮಣ್ಣಿಗೆ ಹಾಕಿ. ತುದಿ ಚಿವುಟುತ್ತಾ ಇರಿ, ಇಲ್ಲದಿದ್ದರೆ ಉದ್ದಕ್ಕೆ ಬೆಳೆದು ಕೆಳಗೆ ಬೋಳಾಗುತ್ತದೆ.

ಕೊತ್ತಂಬರಿ ದೀಪಾವಳಿ ಕಳೆದ ಮೇಲೆ ಹಾಕಿ. ಡಬ್ಬದ ಬೀಜ ತುಂಬಾ ಹಳೆಯದಾಗಿರಬಾರದು, ಹುರಿದದ್ದಂತೂ ಅಲ್ಲವೇ ಅಲ್ಲ. ಒಂದು ಕಾಳಿನಲ್ಲಿ ಎರಡು ಬೀಜ ಇರುತ್ತದೆ. ಅಂಗೈಯಲ್ಲಿ ಮೆಲ್ಲ ಉಜ್ಜಿ ಇಬ್ಭಾಗ ಮಾಡಿ, ರಾತ್ರಿ ನೆನೆಸಿ, ಬೆಳಿಗ್ಗೆ ಬಿತ್ತಿ. ಮೇಲೆ ಅರ್ಧ ಇಂಚು ಮಣ್ಣು ಸಾಕು. ಮೊಳಕೆಗೆ ಎಂಟು ಹತ್ತು ದಿನ ಬೇಕು, ನಡುವೆ ಕೆದಕಿ ನೋಡಬೇಡಿ. ಸಸಿ ಕಿತ್ತು ಬೇರೆ ಕಡೆ ನೆಟ್ಟರೆ ಏಳುವುದಿಲ್ಲ, ಬಿತ್ತಿದ ಚಟ್ಟಿಯಲ್ಲೇ ಬೆಳೆಯಲಿ. ಒಮ್ಮೆಗೇ ಎಲ್ಲ ಬಿತ್ತುವ ಬದಲು ಹದಿನೈದು ದಿನಕ್ಕೊಮ್ಮೆ ಒಂದೊಂದು ಚಟ್ಟಿ ಹಾಕುತ್ತಾ ಬಂದರೆ ಫೆಬ್ರವರಿವರೆಗೂ ಸಾರಿಗೆ ಮನೆಯದ್ದೇ ಸೊಪ್ಪು. ಆಮೇಲಿನ ಸೆಕೆಗೆ ಅದು ಎಲೆ ಬಿಡದೆ ಹೂವಿಗೆ ಹೊರಡುತ್ತದೆ.

ಗೊಬ್ಬರಕ್ಕೆ ಹೆಚ್ಚು ಖರ್ಚು ಬೇಡ. ನೆಲಗಡಲೆ ಹಿಂಡಿ ಒಂದು ಮುಷ್ಟಿ ಮೂರು ದಿನ ನೆನೆಸಿ, ಹತ್ತು ಪಾಲು ನೀರು ಬೆರೆಸಿ, ಹದಿನೈದು ದಿನಕ್ಕೊಮ್ಮೆ ಬುಡಕ್ಕೆ ಹೊಯ್ಯಿರಿ. ವಾಸನೆ ಬರುತ್ತದೆ, ಫ್ಲ್ಯಾಟಿನಲ್ಲಿ ಇರುವವರು ನೆರೆಯವರನ್ನೂ ಸ್ವಲ್ಪ ನೋಡಿಕೊಳ್ಳಬೇಕು. ಅಕ್ಕಿ ತೊಳೆದ ನೀರು ಹಾಕಬಹುದು, ಆದರೆ ಉಪ್ಪು ಬಿದ್ದದ್ದು ಯಾವುದೂ ಬೇಡ. ಜಡಿಮಳೆಯ ಹೊತ್ತಿನಲ್ಲಿ ಮಳೆಗೆ ತೆರೆದಿಟ್ಟ ಚಟ್ಟಿಗೆ ಹಾಕಿದ ಸಾರವೆಲ್ಲ ತೊಳೆದು ಹೋಗುತ್ತದೆ. ಮಳೆ ಹೊಳವಾದ ಮೇಲೆ ಕೊಡಿ.

ಆಟಿ ತಿಂಗಳಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಬಸವನಹುಳು ಬರುತ್ತದೆ. ಕತ್ತಲಾದ ಮೇಲೆ ಟಾರ್ಚ್ ಹಿಡಿದು ಹೆಕ್ಕುವುದೇ ಮದ್ದು. ಹುಳುವಿಗೆ ಅಂತ ಚಟ್ಟಿಗೆ ಉಪ್ಪು ಉದುರಿಸಿದರೆ ಗಿಡವೂ ಹೋಗುತ್ತದೆ. ಮಲ್ಪೆ, ಉಳ್ಳಾಲದ ಹಾಗೆ ಕಡಲ ಹತ್ತಿರ ಇರುವವರು ಬೇಸಿಗೆಯಲ್ಲಿ ಎಲೆ ಮೇಲೆ ಕೂತ ಉಪ್ಪನ್ನು ಆಗಾಗ ಒಳ್ಳೆ ನೀರಲ್ಲಿ ತೊಳೆಯುತ್ತಾ ಇರಿ.

ಬೇವಿನ ಸೊಪ್ಪಿನ ಗಿಡ, ಅಂದರೆ ಒಗ್ಗರಣೆಯ ಕರಿಬೇವು, ಒಂದು ಇದ್ದರೆ ಮನೆಗೆ ಎಷ್ಟೋ ಅನುಕೂಲ. ಅದಕ್ಕೆ ಒಂದೂವರೆ ಅಡಿ ಆಳದ ಚಟ್ಟಿ, ಪೂರ್ತಿ ಬಿಸಿಲು ಬೇಕು. ಮೊದಲ ವರ್ಷ ಎಲೆಗೆ ಆಸೆಪಡಬೇಡಿ, ಬೇರು ಬಲಿಯಲಿ. ಆಮೇಲೆ ಒಂದೊಂದೇ ಎಲೆ ಕೀಳದೆ ಗೆಲ್ಲಿನ ತುದಿಯನ್ನೇ ಕತ್ತರಿಸಿ, ಅಲ್ಲಿಂದ ಎರಡು ಚಿಗುರು ಬರುತ್ತದೆ. ಹೂ ಬಂದರೆ ತೆಗೆಯಿರಿ. ಎಳೆ ಎಲೆಯ ಮೇಲೆ ಹಕ್ಕಿ ಹಿಕ್ಕೆಯಂತೆ ಕಂಡದ್ದು ಚಿಟ್ಟೆಯ ಹುಳು. ಬೆಳೆದಾಗ ಹಸಿರಾಗುತ್ತದೆ, ಸಣ್ಣ ಗಿಡವನ್ನು ಬೋಳು ಮಾಡುತ್ತದೆ. ತಿನ್ನುವ ಸೊಪ್ಪಿಗೆ ವಿಷ ಹೊಡೆಯಬೇಡಿ. ಎಲೆ ಸಮೇತ ಎತ್ತಿ ಅಂಗಳದ ನಿಂಬೆ ಗಿಡಕ್ಕೆ ಬಿಡಿ, ಅದನ್ನೂ ಅವು ತಿನ್ನುತ್ತವೆ.