ಮುಖವಾಡ ಬದಿಗಿಟ್ಟು ಟುಟಂಖಾಮನ್‌ನನ್ನು ಓದಿದ್ದು

ಪ್ರಾಚೀನ ಈಜಿಪ್ಟಿನ ರಾಜ ಟುಟಂಖಾಮನ್ ಅಂದರೆ ಎಲ್ಲರಿಗೂ ಅವನ ಸಮಾಧಿಯಲ್ಲಿ ಸಿಕ್ಕ ಆ ಚಿನ್ನದ ಮುಖವಾಡವೇ ಕಣ್ಣಿಗೆ ಬರುತ್ತದೆ. ಹತ್ತು ಕಿಲೋ ತೂಕದ್ದು, ಬರದೆ ಇರುತ್ತದಾ? ಆದರೆ ಸುಮಾರು ಒಂಬತ್ತನೇ ವಯಸ್ಸಿಗೆ ಪಟ್ಟಕ್ಕೆ ಬಂದು ಹತ್ತೊಂಬತ್ತರ ಹೊತ್ತಿಗೆ ಸತ್ತ ಹುಡುಗ ಹೇಗಿದ್ದ ಅಂತ ಅದು ಹೇಳುವುದಿಲ್ಲ. ನನಗೆ ಬೇಕಿದ್ದದ್ದು ಅದೇ.

1922ರಲ್ಲಿ ಸಮಾಧಿ ಪತ್ತೆ ಮಾಡಿದ ಬ್ರಿಟಿಷ್ ಪುರಾತತ್ವಜ್ಞ ಹೊವಾರ್ಡ್ ಕಾರ್ಟರ್, ಒಳಗಿದ್ದ 5,000ಕ್ಕೂ ಜಾಸ್ತಿ ವಸ್ತುಗಳಿಗೆ ನಂಬರ್ ಹಾಕಿ ಕಾರ್ಡ್ ಬರೆದಿಟ್ಟಿದ್ದಾನೆ. ಆ ಕಾರ್ಡು, ಡೈರಿ, ಹ್ಯಾರಿ ಬರ್ಟನ್ ತೆಗೆದ ಫೋಟೋ ಎಲ್ಲವನ್ನೂ ಆಕ್ಸ್‌ಫರ್ಡಿನ ಗ್ರಿಫಿತ್ ಇನ್‌ಸ್ಟಿಟ್ಯೂಟ್ ಆನ್‌ಲೈನಿನಲ್ಲಿ ಹಾಕಿದೆ, ಯಾರು ಬೇಕಾದರೂ ನೋಡಬಹುದು. ರಾತ್ರಿ ಊಟ ಆದ ಮೇಲೆ ಕೂತು ಓದಿದೆ. ಮುಖವಾಡದ ನಂಬರ್ 256ಎ. ನಾನು ಅಲ್ಲಿಗೆ ಹಾರಲಿಲ್ಲ, ಸಮಾಧಿಯ ಮುಂಕೋಣೆಯ ಮೊದಲ ನಂಬರುಗಳಿಂದಲೇ ಹಿಡಿದೆ. ಪಕ್ಕದಲ್ಲಿ ಡೈರಿ ತೆರೆದಿಟ್ಟುಕೊಂಡರೆ ಒಳ್ಳೆಯದು, ಬರೀ ಕಾರ್ಡ್ ಓದಿದರೆ ಅಂಗಡಿಯ ಸ್ಟಾಕ್ ಪಟ್ಟಿ ಓದಿದ ಹಾಗಿರುತ್ತದೆ.

21ನೇ ನಂಬರಿನ ಬಣ್ಣದ ಪೆಟ್ಟಿಗೆಯಲ್ಲಿ ನಾನು ತುಂಬಾ ಹೊತ್ತು ನಿಂತುಬಿಟ್ಟೆ. ಹೊರಗೆ ರಥದ ಮೇಲೆ ನಿಂತು ಶತ್ರುಗಳನ್ನು ಹೊಡೆಯುವ ರಾಜನ ಚಿತ್ರ, ಒಳಗೆ ಚಪ್ಪಲಿ, ಮಡಚಿ ತುರುಕಿದ ಬಟ್ಟೆ. ಮಣಿ ಪೋಣಿಸಿದ ದಾರವೆಲ್ಲ ಕೊಳೆತಿದ್ದರಿಂದ ಮುಟ್ಟಿದರೆ ಮಣಿ ಉದುರುತ್ತಿತ್ತು, ಅದೊಂದೇ ಪೆಟ್ಟಿಗೆ ಖಾಲಿ ಮಾಡಲು ಕಾರ್ಟರನಿಗೆ ಮೂರು ವಾರ ಬೇಕಾಯಿತು. ಇಡೀ ಸಮಾಧಿಗೆ ಹತ್ತು ವರ್ಷ ಹಿಡಿದದ್ದರಲ್ಲಿ ಆಶ್ಚರ್ಯ ಏನಿದೆ!

ಚಿನ್ನದ ಸಿಂಹಾಸನದ ಫೋಟೋ ದೊಡ್ಡದು ಮಾಡಿ ನೋಡಿ. ರಾಜ ರಾಣಿಯ ಮೇಲೆ ಸೂರ್ಯದೇವರಾದ ಅಟೆನ್‌ನ ಕಿರಣಗಳು ಇಳಿಯುತ್ತಿವೆ. ಹುಟ್ಟಿದಾಗ ಅವನು ಟುಟಂಖಾಟನ್, ಹಳೆಯ ದೇವರು ಅಮುನ್ ವಾಪಸ್ ಬಂದ ಮೇಲೆ ಟುಟಂಖಾಮನ್. ಈ ಒಂದೇ ಸಿಂಹಾಸನದಲ್ಲಿ ಎರಡೂ ಹೆಸರಿವೆ. ಅವನಿಗಿಂತ ಮುಂಚೆ ಆಳಿದ ಅಖೆನಾಟೆನ್ ತಂದ ಅಟೆನ್ ಧರ್ಮವನ್ನು ಬಿಟ್ಟರು ಸರಿ, ಆದರೆ ಅಷ್ಟು ಚೆನ್ನಾಗಿರೋ ಕುರ್ಚಿಯನ್ನು ಯಾರು ಎಸೆಯುತ್ತಾರೆ, ಅಲ್ವಾ? ಸಮಾಧಿಯಲ್ಲಿದ್ದ ವೈನ್ ಹೂಜಿಗಳ ಮೇಲೆ ಯಾವ ವರ್ಷದ್ದು, ಯಾವ ತೋಟದ್ದು, ತಯಾರಿಸಿದವನು ಯಾರು ಅಂತ ಬರೆದಿದೆ. ಹೆಚ್ಚಿನವು ಅವನ ಆಳ್ವಿಕೆಯ 4, 5, 9ನೇ ವರ್ಷದವು.

ಕೊನೆಗೆ ಕೋಲುಗಳು. ಸುಮಾರು 130 ಇವೆ. ಎಡಗಾಲಿನ ಮೂಳೆಗೆ ರೋಗ ಇತ್ತು, ಅದಕ್ಕೇ ಇಷ್ಟು ಕೋಲು ಅಂತ 2010ರ ಒಂದು ಅಧ್ಯಯನ ವಾದಿಸಿತು, ಎಲ್ಲರೂ ಒಪ್ಪಿಲ್ಲ. ಈಜಿಪ್ಟಿನಲ್ಲಿ ಕೋಲು ದೊಡ್ಡಸ್ತಿಕೆಯ ಗುರುತೂ ಹೌದು, ಹಾಗಾಗಿ ನಾನೂ ಪೂರ್ತಿ ಒಪ್ಪಲಾರೆ. ಅವುಗಳಲ್ಲಿ ಒಂದು ಸುಮ್ನೆ ಜೊಂಡಿನ ಕಡ್ಡಿ, ಅದಕ್ಕೆ ಚಿನ್ನದ ಕಟ್ಟು ಹಾಕಿ ರಾಜರು ಸ್ವಂತ ಕೈಯಿಂದ ಕತ್ತರಿಸಿದ್ದು ಅಂತ ಬರೆಸಿದ್ದಾರೆ.