ಮುಚ್ಚುವ ಮುಂಚೆ ಒಂದು ಸಲ ನೋಡಿ

ಹಳೇ ಮನೆಯ ಹಿಂದೆ ಬಾತ್‌ರೂಮ್ ಸಮೇತ ಒಂದು ಕೋಣೆ ಕಟ್ಟಿಸುತ್ತಿದ್ದೀರಾ? ದಿನಾ ಸಂಜೆ ಹೋಗಿ ಗೋಡೆ ಎಷ್ಟು ಎದ್ದಿದೆ ಅಂತ ಸುಮ್ನೆ ನೋಡಿ ಬಂದರೆ ಸಾಲದು. ಗೋಡೆ ನಾಳೆಯೂ ಅಲ್ಲೇ ಇರುತ್ತದೆ. ಮಣ್ಣಿಗೆ ಹೋಗುವ ಪಾಯ, ಕಾಂಕ್ರೀಟಿನಲ್ಲಿ ಹೂತುಹೋಗುವ ಕಂಬಿ, ಗಾರೆ ಹಿಂದಿನ ಪೈಪು ಮಾತ್ರ ಆಮೇಲೆ ಕಾಣುವುದಿಲ್ಲ.

ಮೊದಲು ಹಳೇ ಗೋಡೆ ಪಕ್ಕ ಒಂದೇ ಒಂದು ಗುಂಡಿ ತೋಡಿಸಿ. ಹಳೇ ಪಾಯ ಎಷ್ಟು ಆಳಕ್ಕಿದೆ, ಕಲ್ಲಿನದೋ ಇಟ್ಟಿಗೆಯದೋ ಗೊತ್ತಾಗುತ್ತದೆ. ಹೊಸ ಪಾಯ ಅದಕ್ಕಿಂತ ಕೆಳಗೆ ಇಳಿಯುವುದಾದರೆ ಉದ್ದಕ್ಕೂ ಒಂದೇ ದಿನ ಅಗೆಸಬೇಡಿ, ಹಳೇ ಗೋಡೆಯ ಕಾಲಡಿ ಮಣ್ಣು ಜಾರುತ್ತದೆ. ಎಂಜಿನಿಯರನ್ನು ಕೇಳಿಕೊಂಡು ನಾಲ್ಕೈದು ಅಡಿಯಂತೆ ಅಗೆದು, ಕಟ್ಟಿ, ಮುಂದಕ್ಕೆ ಹೋಗಲಿ.

ಆಮೇಲೆ ನೆಲದ ಮಟ್ಟ. ಇಲ್ಲಿ ನಾನೇ ಎಡವಿದ್ದೇನೆ. ನಮ್ಮ ಹಾಲ್‌ನದು ರೆಡ್ ಆಕ್ಸೈಡ್ ನೆಲ. ಮೇಸ್ತ್ರಿ ಹೊಸ ಕೋಣೆಯ ಬೆಡ್ ಕಾಂಕ್ರೀಟನ್ನು (ನೆಲಹಾಸಿನಡಿಯ ಕಾಂಕ್ರೀಟ್) ಸರಿಯಾಗಿ ಅದರ ಮಟ್ಟಕ್ಕೇ ತಂದ. ‘ಲೆವೆಲ್ ಹೆಂಗೈತೆ ನೋಡಿ ಸಾರ್’ ಅಂದ. ನಾನೂ ತಲೆಯಾಡಿಸಿದೆ. ಅದರ ಮೇಲೆ ಗಾರೆ ಬಿತ್ತು, ಟೈಲ್ಸ್ ಬಂತು, ಬಾಗಿಲಲ್ಲಿ ಎರಡಿಂಚಿನ ಮೆಟ್ಟಿಲಾಯಿತು! ಅಮ್ಮ ಇವತ್ತಿಗೂ ಕಾಫಿ ಲೋಟ ಹಿಡಿದು ಬರುವಾಗ ಅಲ್ಲಿ ನಿಂತು, ಕಾಲಲ್ಲಿ ತಡವಿ ನೋಡಿಯೇ ದಾಟುವುದು. ಗಾರೆ, ಟೈಲ್ಸ್ ಎರಡರ ದಪ್ಪ ಕಳೆದು ಟ್ಯೂಬ್ ಲೆವೆಲ್‌ನಲ್ಲಿ (ಮಟ್ಟ ನೋಡುವ ನೀರು ತುಂಬಿದ ಪಾರದರ್ಶಕ ಪೈಪು) ಗೋಡೆಗೆ ಗೆರೆ ಹಾಕಿಸಿ.

ಮೋಲ್ಡ್, ಅಂದರೆ ತಾರಸಿಯ ಕಾಂಕ್ರೀಟ್, ಹಾಕುವ ದಿನ ರಜೆ ಹಾಕಿ. ಕಂಬಿ ಕೆಳಗೆ ಹಾಸಿದ ಸೆಂಟ್ರಿಂಗ್ ಶೀಟಿಗೆ ಅಂಟಿ ಮಲಗಿರಬಾರದು. ಸ್ಲ್ಯಾಬಿಗೆ 20 ಮಿ.ಮೀ. ಕವರ್ ಬ್ಲಾಕ್ (ಕಂಬಿಗೂ ಶೀಟಿಗೂ ನಡುವೆ ಇಡುವ ಬಿಲ್ಲೆ) ಬೇಕು, ಕಾಲಂಗೆ 40. ಜಲ್ಲಿ ಚೂರು ಸಿಕ್ಕಿಸಿ ‘ಸಾಕು ಬಿಡಿ’ ಅಂದರೆ ಒಪ್ಪಬೇಡಿ. ಎಂ20 ದರ್ಜೆಯ ಕಾಂಕ್ರೀಟಿಗೆ 50 ಕಿಲೋ ಸಿಮೆಂಟ್ ಚೀಲಕ್ಕೆ 30 ಲೀಟರ್ ನೀರೇ ಮಿತಿ. ಮರಳು ಒದ್ದೆಯಿದ್ದರೆ ಇನ್ನೂ ಕಮ್ಮಿ. ಸಲೀಸಾಗಿ ಹರಿಯಲಿ ಅಂತ ಮಿಕ್ಸರ್‌ನವರು ಒಂದು ಬಕೆಟ್ ಜಾಸ್ತಿ ಸುರಿಯುತ್ತಾರೆ. ಸ್ಲ್ಯಾಬಿನ ಬಲ ಹೋಗುವುದು ಅಲ್ಲೇ. ಕ್ಯೂರಿಂಗ್, ಅಂದರೆ ಕಾಂಕ್ರೀಟನ್ನು ಒದ್ದೆಯಾಗಿಡುವುದು, ಕನಿಷ್ಠ 7 ದಿನ. ಚೀಲದ ಮೇಲೆ ಪಿಪಿಸಿ (ಹಾರುಬೂದಿಯಂಥದ್ದು ಬೆರೆಸಿದ ಸಿಮೆಂಟ್) ಎಂದಿದ್ದರೆ 10. ಸ್ಲ್ಯಾಬಿನಡಿಯ ಊರುಗೋಲು ಯಾವತ್ತು ಬಿಚ್ಚಬೇಕು ಅಂತ ಎಂಜಿನಿಯರ್ ಹೇಳಲಿ, ಶೀಟು ಬಾಡಿಗೆಗೆ ಕೊಟ್ಟವನಲ್ಲ.

ಹಳೇ ಗೋಡೆ ಕೂತು ಎಷ್ಟೋ ವರ್ಷವಾಗಿದೆ, ಹೊಸದು ಇನ್ನು ಕೂರಬೇಕು. ಎರಡೂ ಸೇರುವ ಕಡೆ ಬಿರುಕು ಬರುವುದು ಸಹಜ ಅಲ್ವಾ? ಗಾರೆಗೆ ಮುಂಚೆ ಜಾಯಿಂಟಿನ ಎರಡೂ ಬದಿಗೆ ಆರಾರು ಇಂಚು ಬರುವಂತೆ ಕೋಳಿ ಮೆಶ್ (ತೆಳು ತಂತಿ ಬಲೆ) ಹೊಡೆಸಿ. ಕೂದಲೆಳೆ ಬಿರುಕು ಆಗಲೂ ಬರಬಹುದು, ಹೆದರಬೇಡಿ. ಅಗಲವಾಗುತ್ತಾ ಹೋದರೆ ಮಾತ್ರ ಎಂಜಿನಿಯರ್‌ಗೆ ಫೋನ್ ಮಾಡಿ.

ಪೈಪುಗಳಿಗೆ ಒತ್ತಡದಲ್ಲಿ ನೀರು ತುಂಬಿ ಸೋರಿಕೆ ನೋಡುವ ಪ್ರೆಷರ್ ಟೆಸ್ಟ್ ಆಗದೆ ಗಾರೆ ಬೇಡ. ಗೋಡೆಗೆ ಟೇಪು ಹಿಡಿದು ಫೋಟೊ ತೆಗೆದಿಡಿ. ನಾಳೆ ಕನ್ನಡಿಗೆ ಮೊಳೆ ಹೊಡೆಯುವಾಗ ಬೇಕಾಗುತ್ತದೆ.

ಬಾತ್‌ರೂಮ್‌ಗೆ ವಾಟರ್‌ಪ್ರೂಫಿಂಗ್ ಆದ ಮೇಲೆ ಟೈಲ್ಸ್‌ಗೆ ಮುಂಚೆ ನೀರು ಹೋಗುವ ಪೈಪಿನ ಬಾಯಿ ಮುಚ್ಚಿ 48 ಗಂಟೆ ನೀರು ನಿಲ್ಲಿಸಿ, ಮಟ್ಟಕ್ಕೆ ಸೀಮೆಸುಣ್ಣದ ಗೆರೆ ಹಾಕಿ. ಗೋಡೆಯ ಆಚೆ ಬದಿ ಕೈಯಿಟ್ಟು ನೋಡಿ. ಒಣಗಿದ್ದರೆ ಆ ಕಂತಿನ ದುಡ್ಡು ಕೊಡಿ.