ನಿಮ್ಮ ಎಂಎಲ್‌ಎ ಜಾತಕ ನೀವೇ ಬರೆಯಿರಿ

ದಾವಣಗೆರೆಯಲ್ಲಿ ಸಂಜೆ ಹೊತ್ತು ಮಂಡಕ್ಕಿ ಮಿರ್ಚಿ ಅಂಗಡಿ ಮುಂದೆ ಹತ್ತು ನಿಮಿಷ ನಿಂತರೆ ಸಾಕು, ಎಂಎಲ್‌ಎ ಪುರಾಣ ಪೂರ್ತಿ ಕಿವಿಗೆ ಬೀಳುತ್ತದೆ. ಎಷ್ಟು ದುಡ್ಡು ಮಾಡಿದರು, ಯಾರ ಮದುವೆಗೆ ಬಂದರು, ಯಾರ ತಿಥಿಗೆ ಬರಲಿಲ್ಲ, ಮುಂದಿನ ಸಲ ಟಿಕೆಟ್ ಸಿಗುತ್ತೋ ಇಲ್ಲವೋ. ವಿಧಾನಸಭೆಯಲ್ಲಿ ಕೂತು ಏನು ಮಾಡಿದರು ಅನ್ನೋದು ಮಾತ್ರ ಬರೋದೇ ಇಲ್ಲ. ನಾನೂ ಹಾಗೇ ಗಂಟೆಗಟ್ಟಲೆ ವಾದ ಮಾಡಿದವನೇ. ಒಂದು ದಿನ ಪಕ್ಕದಲ್ಲಿದ್ದ ಹುಡುಗ, "ಅಣ್ಣ, ಅವರು ಎಷ್ಟು ಸಲ ಸೋತಿದ್ದಾರೆ ಹೇಳು ನೋಡೋಣ" ಅಂದ. ಗೊತ್ತಿರಲಿಲ್ಲ. ಗೆದ್ದದ್ದಷ್ಟೇ ಗೊತ್ತಿತ್ತು. ಮರುದಿನ ಇನ್ನೂರು ಪುಟದ ಒಂದು ನೋಟ್‌ಬುಕ್ ತಂದೆ.

ಆ ನೋಟ್‌ಬುಕ್ಕಿನಲ್ಲಿ ನಮ್ಮ ಎಂಎಲ್‌ಎ ಜಾತಕ ತುಂಬಿಸಿದ್ದು ಹೇಗೆ ಅಂತ ಇಲ್ಲಿ ಬರೆದಿದ್ದೇನೆ. ದುಡ್ಡು ಜಾಸ್ತಿ ಬೇಡ. ಒಂದು ಫೋನು, ಸ್ವಲ್ಪ ತಾಳ್ಮೆ, ಹತ್ತು ರೂಪಾಯಿಯ ಒಂದೆರಡು ಪೋಸ್ಟಲ್ ಆರ್ಡರ್ ಇದ್ದರೆ ಆಯಿತು.

ಮೊದಲ ಪುಟ: ನಿಂತ ಚುನಾವಣೆಗಳೆಲ್ಲ

ವರ್ಷ, ಕ್ಷೇತ್ರ, ಪಕ್ಷ, ಗೆಲುವೋ ಸೋಲೋ, ಅಂತರ ಎಷ್ಟು. ಐದು ಕಾಲಂ ಎಳೆಯಿರಿ. ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಹಳೆಯ ಫಲಿತಾಂಶ ಎಲ್ಲಾ ಸಿಗುತ್ತದೆ. ಸೋಲನ್ನು ಬಿಡಬೇಡಿ, ಸೋತ ವರ್ಷದಲ್ಲೇ ಮನುಷ್ಯ ಎಂಥವನು ಅಂತ ಗೊತ್ತಾಗೋದು. ನಮ್ಮ ಕಡೆಯ ನಿಜಲಿಂಗಪ್ಪನವರನ್ನೇ ನೋಡಿ. ಏಕೀಕರಣವಾದಾಗ ಮೊದಲ ಮುಖ್ಯಮಂತ್ರಿ ಆದವರು, 1962ರಲ್ಲಿ ಹೊಸದುರ್ಗದಲ್ಲಿ ಸೋತರು. ಆಮೇಲೆ ಬಾಗಲಕೋಟೆಯಿಂದ ಗೆದ್ದು ಅದೇ ವರ್ಷ ಮತ್ತೆ ಮುಖ್ಯಮಂತ್ರಿ ಆದರು. ಗೆದ್ದದ್ದನ್ನಷ್ಟೇ ಬರೆದುಕೊಂಡರೆ ಈ ಕಥೆ ಎಲ್ಲಿ ಸಿಗುತ್ತೆ?

ಇಲ್ಲಿ ಒಂದು ಕಡೆ ಎಲ್ಲರೂ ಎಡವುತ್ತಾರೆ. 2008ರಲ್ಲಿ ಕ್ಷೇತ್ರ ಮರುವಿಂಗಡಣೆ ಆಯಿತು. ಅಲ್ಲಿಯವರೆಗೆ ಒಂದೇ ಇದ್ದ ದಾವಣಗೆರೆ ಉತ್ತರ, ದಕ್ಷಿಣ ಅಂತ ಎರಡಾಯಿತು. ಭರಮಸಾಗರ ಕ್ಷೇತ್ರವೇ ಹೋಯಿತು. ಮಾಯಕೊಂಡ, ಹೊಳಲ್ಕೆರೆ ಎಸ್‌ಸಿಗೆ, ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ಎಸ್‌ಟಿಗೆ ಮೀಸಲಾದವು. ಹಾಗಾಗಿ "ಅವರು ಕ್ಷೇತ್ರ ಬಿಟ್ಟು ಓಡಿಹೋದರು" ಅಂತ ಬೈಯುವ ಮುಂಚೆ ವರ್ಷ ನೋಡಿ. ಎಸ್.ಎ. ರವೀಂದ್ರನಾಥ್ 2004ರಲ್ಲಿ ಮಾಯಕೊಂಡದಲ್ಲಿ ಗೆದ್ದು 2008ರಲ್ಲಿ ದಾವಣಗೆರೆ ಉತ್ತರಕ್ಕೆ ಬಂದರು. ಮಾಯಕೊಂಡ ಮೀಸಲಾದ ಮೇಲೆ ಅವರು ಅಲ್ಲಿ ನಿಲ್ಲೋ ಹಾಗೇ ಇರಲಿಲ್ಲ. ಎನ್.ವೈ. ಗೋಪಾಲಕೃಷ್ಣ ಅವರದ್ದು ಬೇರೆ ಲೆಕ್ಕ. 2008ರಲ್ಲಿ ಮೊಳಕಾಲ್ಮೂರು ಕಾಂಗ್ರೆಸ್, 2018ರಲ್ಲಿ ಕೂಡ್ಲಿಗಿ ಬಿಜೆಪಿ, 2023ರಲ್ಲಿ ವಾಪಸ್ ಮೊಳಕಾಲ್ಮೂರು ಕಾಂಗ್ರೆಸ್. ಸರಿಯೋ ತಪ್ಪೋ ಆಮೇಲೆ ವಾದ ಮಾಡೋಣ. ಸಾಲು ಮಾತ್ರ ಸರಿಯಾಗಿ ಬರೆಯಿರಿ.

ಬರೆಯುತ್ತಾ ಹೋದ ಹಾಗೆ ಕ್ಷೇತ್ರದ ಸ್ವಭಾವವೂ ಗೊತ್ತಾಗುತ್ತದೆ. ಹೊನ್ನಾಳಿಯಲ್ಲಿ 2008 ರೇಣುಕಾಚಾರ್ಯ, 2013 ಶಾಂತನಗೌಡ, 2018 ರೇಣುಕಾಚಾರ್ಯ, 2023 ಶಾಂತನಗೌಡ. ಉಯ್ಯಾಲೆ ಆಡಿದ ಹಾಗೆ. ಹರಿಹರದವರು ಇನ್ನೂ ಗಟ್ಟಿಗರು: 2008 ಬಿಜೆಪಿ, 2013 ಜೆಡಿಎಸ್, 2018 ಕಾಂಗ್ರೆಸ್, 2023 ಮತ್ತೆ ಬಿಜೆಪಿ. ಇಂಥ ಕಡೆ ಎರಡನೇ ಸಲ ಗೆಲ್ಲೋದೇ ಕಷ್ಟ. ಅದಕ್ಕೇ ಅಲ್ಲಿನ ಶಾಸಕರು ಮೂರನೇ ವರ್ಷದಿಂದಲೇ ಊರೂರು ಸುತ್ತೋಕೆ ಶುರು ಮಾಡುತ್ತಾರೆ ಅಂತ ನನ್ನ ಗುಮಾನಿ.

ಎಂಎಲ್‌ಎ ಆಗುವ ಮುಂಚೆ ಏನಾಗಿದ್ದರು ಅಂತಲೂ ಒಂದು ಸಾಲು ಇರಲಿ. ಗ್ರಾಮ ಪಂಚಾಯ್ತಿ, ಜಿಲ್ಲಾ ಪಂಚಾಯ್ತಿ, ಎಪಿಎಂಸಿ, ಡಿಸಿಸಿ ಬ್ಯಾಂಕ್, ಶಿಮುಲ್ (ನಮ್ಮ ಕಡೆಯ ಹಾಲು ಒಕ್ಕೂಟ) ನಿರ್ದೇಶಕರು, ಏನಿದ್ದರೂ. ನಮ್ಮ ಕಡೆ ರಾಜಕೀಯದ ಮೆಟ್ಟಿಲು ಇವೇ ಅಲ್ವಾ.

ನಿಮ್ಮ ಬೂತ್ ಹುಡುಕಿ

ಇದು ನನಗೆ ತುಂಬಾ ಇಷ್ಟವಾದ ಕೆಲಸ. ನಮೂನೆ 20 ಅಂತ ಒಂದು ಇದೆ. ಕರ್ನಾಟಕದ ಮುಖ್ಯ ಚುನಾವಣಾಧಿಕಾರಿಗಳ ವೆಬ್‌ಸೈಟಿನಲ್ಲಿ ಕ್ಷೇತ್ರವಾರು ಪಿಡಿಎಫ್ ಇರುತ್ತದೆ. ಎಡಗಡೆ ಮತಗಟ್ಟೆ ಸಂಖ್ಯೆ, ಮೇಲ್ಗಡೆ ಅಭ್ಯರ್ಥಿಗಳ ಹೆಸರು, ಕೊನೆಗೆ ನೋಟಾ. ನಿಮ್ಮ ಬೂತಿನಲ್ಲಿ ಯಾರಿಗೆ ಎಷ್ಟು ಬಿತ್ತು ಅಂತ ಒಂದೊಂದು ಮತದ ಲೆಕ್ಕ. ಸ್ಕ್ಯಾನ್ ಮಾಡಿದ ಪ್ರತಿ ಆದರೆ ಅಕ್ಷರ ಮಸುಕಾಗಿರುತ್ತದೆ, ಫೋನಿನಲ್ಲಿ ದೊಡ್ಡದು ಮಾಡಿಕೊಂಡು, ಸಾಲು ತಪ್ಪದ ಹಾಗೆ ಒಂದು ಸ್ಕೇಲ್ ಅಡ್ಡ ಇಟ್ಟುಕೊಂಡು ಓದಿ.

"ನಮ್ಮ ಓಣಿ ಪೂರ್ತಿ ಅವರಿಗೇ ಹಾಕಿದ್ದು" ಅಂತ ನಾನು ಹತ್ತು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ. ನಮೂನೆ 20 ತೆಗೆದು ನೋಡಿದರೆ ನಮ್ಮ ಬೂತಿನಲ್ಲಿ ಅವರು ಎರಡನೇ ಸ್ಥಾನದಲ್ಲಿದ್ದರು. ಮುಖ ಎಲ್ಲಿಡೋದು ಹೇಳಿ.

ಬೂತ್ ನಂಬರ್ ಚುನಾವಣೆಯಿಂದ ಚುನಾವಣೆಗೆ ಬದಲಾಗುತ್ತದೆ, ಮತದಾರರು ಜಾಸ್ತಿಯಾದರೆ ಒಂದು ಬೂತ್ ಎರಡಾಗುತ್ತದೆ. ಅದಕ್ಕೆ ನಂಬರ್ ನಂಬಬೇಡಿ, ಆ ವರ್ಷದ ಮತಗಟ್ಟೆ ಪಟ್ಟಿಯಲ್ಲಿ ಶಾಲೆಯ ಹೆಸರು ನೋಡಿ ಹೊಂದಿಸಿಕೊಳ್ಳಿ. ಒಂದು ಬೂತಿನ ಮತಕ್ಕೆ ಏನು ಬೆಲೆ ಅನ್ನುವವರು ಜಗಳೂರು ನೆನಪು ಮಾಡಿಕೊಳ್ಳಿ. 2023ರಲ್ಲಿ ಅಲ್ಲಿ ಅಂತರ 874 ಮತ.

ಅಫಿಡವಿಟ್ ಓದುವುದು

ನಾಮಪತ್ರದ ಜೊತೆ ಪ್ರತಿ ಅಭ್ಯರ್ಥಿಯೂ ನಮೂನೆ 26ರಲ್ಲಿ ಪ್ರಮಾಣಪತ್ರ ಕೊಡಬೇಕು. ಆಸ್ತಿ, ಸಾಲ, ಕೇಸು, ಓದು, ಐದು ವರ್ಷದ ಆದಾಯ, ಎಲ್ಲಾ ಅದರಲ್ಲಿರುತ್ತದೆ. ಗಂಡ ಅಥವಾ ಹೆಂಡತಿ ಹೆಸರಿನದ್ದು, ಅವಲಂಬಿತರದ್ದು ಕೂಡ. ಒಂದೇ ವರ್ಷದ್ದು ಓದಿದರೆ ಏನೂ ತಿಳಿಯೋದಿಲ್ಲ. 2013, 2018, 2023ರದ್ದು ಮೂರನ್ನೂ ಪಕ್ಕ ಪಕ್ಕ ಇಟ್ಟುಕೊಳ್ಳಿ.

ಒಟ್ಟು ಮೊತ್ತ ನೋಡಿ ಹೌಹಾರಬೇಡಿ. ಚಿನ್ನದ ರೇಟು, ಸೈಟಿನ ರೇಟು ತಾನಾಗೇ ಏರುತ್ತದೆ, ನಿಮ್ಮ ಮನೆಯದ್ದೂ ಏರಿದೆ. ನೋಡಬೇಕಾದ್ದು ಹೊಸದಾಗಿ ಸೇರಿದ ಸರ್ವೆ ನಂಬರುಗಳು. ಪಿತ್ರಾರ್ಜಿತವೋ ಸ್ವಯಾರ್ಜಿತವೋ ಅಂತ ಬರೆದಿರುತ್ತಾರೆ. ಯಾವ ವರ್ಷ ಕೊಂಡಿದ್ದು, ಆಗ ಎಷ್ಟು ಕೊಟ್ಟಿದ್ದು, ಅಷ್ಟು ದುಡ್ಡು ಅವರ ಆದಾಯದ ಕಾಲಂನಲ್ಲಿ ಎಲ್ಲಾದರೂ ಕಾಣುತ್ತದಾ? ಉದ್ಯೋಗ ಅನ್ನುವ ಕಡೆ "ವ್ಯವಸಾಯ" ಅಂತ ಇದ್ದರೆ ಎಕರೆ ಗುಂಟೆ ಲೆಕ್ಕವನ್ನೂ ನೋಡಿ. ಹತ್ತು ಎಕರೆ ಮೆಕ್ಕೆಜೋಳದಲ್ಲಿ ಎಷ್ಟು ಉಳಿಯುತ್ತದೆ ಅಂತ ನಮ್ಮ ಜಿಲ್ಲೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಕೇಸಿನ ವಿಷಯದಲ್ಲಿ ಸ್ವಲ್ಪ ನಿಧಾನ. ಕೇಸು ಇದೆ ಅಂದರೆ ಶಿಕ್ಷೆ ಆಗಿದೆ ಅಂತಲ್ಲ. ರಸ್ತೆ ತಡೆ ಮಾಡಿದ್ದಕ್ಕೆ ಬಿದ್ದ ಕೇಸೂ ಅಲ್ಲೇ ಇರುತ್ತದೆ, ವಂಚನೆ ಕೇಸೂ ಅಲ್ಲೇ ಇರುತ್ತದೆ. ಸೆಕ್ಷನ್ ಬರೆದುಕೊಂಡು ಪರಿಚಯದ ವಕೀಲರೊಬ್ಬರನ್ನು ಕೇಳಿ. ಮನೆ ವಿಳಾಸ, ಫೋನ್ ನಂಬರ್ ಇರುವ ಪುಟದ ಫೋಟೋ ಮಾತ್ರ ವಾಟ್ಸಾಪಿನಲ್ಲಿ ಹಂಚಬೇಡಿ, ಅದು ಚೆನ್ನಾಗಿರೋದಿಲ್ಲ.

ಅಂದ ಹಾಗೆ, ಆಸ್ತಿ ವಿವರವನ್ನು ಶಾಸಕರು ಪ್ರತಿ ವರ್ಷ ಜೂನ್ 30ರ ಒಳಗೆ ಲೋಕಾಯುಕ್ತಕ್ಕೂ ಕೊಡಬೇಕು. ಕೊಡದವರ ಪಟ್ಟಿ ಆಗಾಗ ಪೇಪರಿನಲ್ಲಿ ಬರುತ್ತದೆ, ಕತ್ತರಿಸಿ ಅಂಟಿಸಿಕೊಳ್ಳಿ.

ಸದನದಲ್ಲಿ ಏನು ಕೇಳಿದರು

ವಿಧಾನಸಭೆಯ ವೆಬ್‌ಸೈಟಿನಲ್ಲಿ ಪ್ರಶ್ನೋತ್ತರಗಳು ಇರುತ್ತವೆ, ಕನ್ನಡದಲ್ಲೇ. ಚುಕ್ಕೆ ಗುರುತಿನ ಪ್ರಶ್ನೆ ಅಂದರೆ ಸಚಿವರು ಎದ್ದು ನಿಂತು ಉತ್ತರಿಸಬೇಕಾದ್ದು, ಉಪಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿಲ್ಲದ್ದಕ್ಕೆ ಬರೆದ ಉತ್ತರ ಅಷ್ಟೇ. ಇದಲ್ಲದೆ ಗಮನ ಸೆಳೆಯುವ ಸೂಚನೆ, ಶೂನ್ಯ ವೇಳೆ ಕೂಡ ಇವೆ. ಒಂದೊಂದು ಅಧಿವೇಶನ ತೆಗೆದು ನಿಮ್ಮ ಶಾಸಕರ ಹೆಸರು ಹುಡುಕಿ.

ಉತ್ತರದ ಹಾಳೆ ನೋಡೋಕೇ ಒಂದು ಮಜಾ. ಎಡಗಡೆ (ಅ), (ಆ), (ಇ) ಅಂತ ಪ್ರಶ್ನೆ, ಬಲಗಡೆ ಉತ್ತರ. "ಕೆರೆಯಲ್ಲಿ ಹೂಳು ತುಂಬಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?" ಅಂತ ಎಡಗಡೆ ಇದ್ದರೆ ಬಲಗಡೆ ಒಂದೇ ಮಾತು, "ಬಂದಿದೆ." ಮುಂದಿನ ಸಾಲು, "ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು?" ಅದಕ್ಕೆ "ಪರಿಶೀಲನೆಯಲ್ಲಿದೆ." ಕೊನೆಗೆ "ಉದ್ಭವಿಸುವುದಿಲ್ಲ." ಮೊದಲ ಸಲ ಓದಿದಾಗ ನಗು ಬರುತ್ತದೆ. ಅದೇ ಪ್ರಶ್ನೆಯನ್ನು ನಿಮ್ಮ ಶಾಸಕರು ಮುಂದಿನ ಅಧಿವೇಶನದಲ್ಲಿ ಮತ್ತೆ ಕೇಳಿದ್ದಾರಾ ಅಂತ ನೋಡಿ. ನಾನು ಮಾರ್ಕ್ಸ್ ಕೊಡೋದು ಇಲ್ಲಿ. ನೂರು ಪ್ರಶ್ನೆ ಕೇಳಿ ಮರೆತವರಿಗಿಂತ ಒಂದೇ ಪ್ರಶ್ನೆಯನ್ನು ನಾಲ್ಕು ಸಲ ಕೇಳಿದವರು ವಾಸಿ. ಭದ್ರಾ ಮೇಲ್ದಂಡೆ ನೀರಾವರಿ ಯೋಜನೆ, ಜಗಳೂರಿನ 57 ಕೆರೆ ತುಂಬಿಸೋದು, ದಾವಣಗೆರೆ–ಚಿತ್ರದುರ್ಗ–ತುಮಕೂರು ರೈಲು ಮಾರ್ಗಕ್ಕೆ ಜಮೀನು, ಇವೆಲ್ಲ ಹೀಗೆ ಬೆನ್ನು ಹತ್ತಿ ಕೇಳಬೇಕಾದ ವಿಷಯಗಳೇ ಅಲ್ವಾ.

ಒಂದು ಎಚ್ಚರಿಕೆ. ನಿಮ್ಮ ಶಾಸಕರು ಮಂತ್ರಿಯಾದರೆ ಪ್ರಶ್ನೆ ಸೊನ್ನೆ ಇರುತ್ತದೆ. ಮಂತ್ರಿ ಉತ್ತರ ಕೊಡುವವರು, ಕೇಳುವವರಲ್ಲ. ಅದನ್ನು ಸೋಮಾರಿತನ ಅಂತ ಬರೆಯಬೇಡಿ.

ಕಲ್ಲು ಓದುವುದು

ಅಶೋಕನ ಶಾಸನ ನೋಡಬೇಕಾದರೆ ಮೊಳಕಾಲ್ಮೂರು ಹತ್ತಿರದ ಬ್ರಹ್ಮಗಿರಿಗೆ ಹೋಗಬೇಕು. ಶಾಸಕರ ಶಾಸನಕ್ಕೆ ಅಷ್ಟು ದೂರ ಬೇಡ, ನಿಮ್ಮೂರ ಸಮುದಾಯ ಭವನದ ಗೋಡೆ ಮೇಲೇ ಇರುತ್ತದೆ. ಕರಿ ಗ್ರಾನೈಟು, ಬಂಗಾರ ಬಣ್ಣದ ಅಕ್ಷರ. ಮೇಲೆ ಶಂಕುಸ್ಥಾಪನೆಯೋ ಉದ್ಘಾಟನೆಯೋ ನೋಡಿ. ಶಂಕುಸ್ಥಾಪನೆ ಕಲ್ಲು ಇದ್ದು ಕಟ್ಟಡವೇ ಇಲ್ಲದ ಜಾಗ ನಮ್ಮ ತಾಲ್ಲೂಕಿನಲ್ಲೇ ನಾನು ಎರಡು ನೋಡಿದ್ದೇನೆ. ಒಂದಕ್ಕೆ ಎಮ್ಮೆ ಕಟ್ಟುತ್ತಾರೆ.

ಹೆಸರುಗಳನ್ನು ಬಿಟ್ಟು ಕೆಳಗೆ ಬನ್ನಿ. ಅಲ್ಲಿ ಸಣ್ಣ ಅಕ್ಷರದಲ್ಲಿ ಯೋಜನೆ ಯಾವುದು, ಮೊತ್ತ ಎಷ್ಟು ಅಂತ ಇರುತ್ತದೆ. ನರೇಗಾ ದುಡ್ಡೋ, 15ನೇ ಹಣಕಾಸು ಆಯೋಗದ್ದೋ, ಸಂಸದರ ನಿಧಿಯೋ, ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿಯೋ. ಒಂದೇ ಸಿಸಿ ರಸ್ತೆಯನ್ನು "ನಾನು ಮಾಡಿಸಿದ್ದು" ಅಂತ ಪಂಚಾಯ್ತಿ ಮೆಂಬರ್ರೂ, ಎಂಎಲ್‌ಎನೂ, ಎಂಪಿನೂ ಹೇಳುತ್ತಾರೆ. ಕಲ್ಲು ಮಾತ್ರ ದುಡ್ಡಿನ ಮೂಲ ಹೇಳುತ್ತದೆ. ಫೋಟೋ ತೆಗೆದು ದಿನಾಂಕ ಹಾಕಿ ಇಟ್ಟುಕೊಳ್ಳಿ.

ಶಾಸಕರ ನಿಧಿ ವರ್ಷಕ್ಕೆ 2 ಕೋಟಿ. ದುಡ್ಡು ಅವರ ಕೈಗೆ ಬರೋದಿಲ್ಲ, ಜಿಲ್ಲಾಧಿಕಾರಿಗಳ ಬಳಿ ಇರುತ್ತದೆ. ಶಾಸಕರು ಯಾವ ಕೆಲಸ ಅಂತ ಪತ್ರ ಕೊಡುತ್ತಾರೆ, ಡಿಸಿ ಮಂಜೂರು ಮಾಡುತ್ತಾರೆ, ಕೆಆರ್‌ಐಡಿಎಲ್, ನಿರ್ಮಿತಿ ಕೇಂದ್ರ, ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದಂಥ ಕಾಮಗಾರಿ ಸಂಸ್ಥೆಯವರು ಕೆಲಸ ಮಾಡುತ್ತಾರೆ. ಎಷ್ಟು ಬಂತು, ಎಷ್ಟು ಉಳಿಯಿತು ಅಂತ ತಿಳಿಯೋಕೆ ಮಾಹಿತಿ ಹಕ್ಕು ಅರ್ಜಿ ಹಾಕಿ.

ಅರ್ಜಿ ನಮೂನೆ ಎ, ಶುಲ್ಕ 10 ರೂಪಾಯಿ, ಪೋಸ್ಟ್ ಆಫೀಸಿನಲ್ಲಿ ಪೋಸ್ಟಲ್ ಆರ್ಡರ್ (ಐಪಿಒ) ತಗೊಳ್ಳಿ. ನಾನು ಮೊದಲ ಸಲ ಉತ್ಸಾಹದಲ್ಲಿ ಹತ್ತು ವರ್ಷದ ನಿಧಿ, ರಸ್ತೆ, ಬೋರ್‌ವೆಲ್, ಶಾಲೆ ರಿಪೇರಿ, ಎಲ್ಲಾ ಒಂದೇ ಅರ್ಜಿಯಲ್ಲಿ ಕೇಳಿ ಮೂರು ಪುಟ ಬರೆದು ಒಂದು ಕಚೇರಿಗೆ ಕಳಿಸಿದ್ದೆ. ವಾಪಸ್ ಬಂತು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಎರಡನೇ ಸಲ ನಾಲ್ಕೇ ಸಾಲು ಬರೆದೆ: "ಇಂಥ ವಿಧಾನಸಭಾ ಕ್ಷೇತ್ರಕ್ಕೆ 2022–23ನೇ ಸಾಲಿನಲ್ಲಿ ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿಯಡಿ ಬಿಡುಗಡೆಯಾದ ಮೊತ್ತ, ಮಂಜೂರಾದ ಕಾಮಗಾರಿಗಳ ಪಟ್ಟಿ, ಅನುಷ್ಠಾನ ಸಂಸ್ಥೆ, ಖರ್ಚಾದ ಮತ್ತು ಉಳಿಕೆ ಮೊತ್ತದ ವಿವರದ ದೃಢೀಕೃತ ಪ್ರತಿ ಕೊಡಿ." ಬಂತು. ಪುಟಕ್ಕೆ 2 ರೂಪಾಯಿ ಕಟ್ಟಿದೆ ಅಷ್ಟೇ. 30 ದಿನದಲ್ಲಿ ಬರದಿದ್ದರೆ ಅದೇ ಕಚೇರಿಯ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ ಹಾಕಿ. ಅಲ್ಲೂ ಆಗದಿದ್ದರೆ ಮಾಹಿತಿ ಆಯೋಗ. "ಯಾಕೆ ಖರ್ಚು ಮಾಡಿಲ್ಲ?" ಅಂತ ಮಾತ್ರ ಕೇಳಬೇಡಿ, ಯಾಕೆ ಅನ್ನೋದಕ್ಕೆ ದಾಖಲೆ ಇರೋದಿಲ್ಲ, ಅದೇ ನೆಪದಲ್ಲಿ ಅರ್ಜಿ ಮುಗಿಸುತ್ತಾರೆ.

ಪಟ್ಟಿ ಕೈಗೆ ಬಂದ ಮೇಲೆ ಬೈಕ್ ತೆಗೆದು ಒಂದು ಭಾನುವಾರ ಸುತ್ತಿ ಬನ್ನಿ. ಬಸ್ ತಂಗುದಾಣ ಅಂತ ಇದ್ದರೆ ತಂಗುದಾಣ ಇದೆಯಾ, ಇದ್ದರೆ ಅಲ್ಲಿ ಬಸ್ಸು ನಿಲ್ಲುತ್ತದಾ ನೋಡಿ. ನನ್ನ ಪಟ್ಟಿಯಲ್ಲಿದ್ದ ಒಂದರಲ್ಲಿ ಹೊಸ ಶೆಲ್ಟರು, ಚೆನ್ನಾಗೇ ಇತ್ತು. ಬಸ್ಸು ನಿಲ್ಲೋದು ಅಲ್ಲಿಂದ ಇನ್ನೂರು ಅಡಿ ಮುಂದೆ, ಬೇವಿನ ಮರದ ಕೆಳಗೆ.

ಇಷ್ಟು ಆದ ಮೇಲೆ ಹೋಗಿ ಅವರನ್ನೇ ಭೇಟಿ ಮಾಡಿ. ಅಧಿವೇಶನ ಇಲ್ಲದ ದಿನ ಬೆಳಿಗ್ಗೆ ಬೇಗ ಹೋದರೆ ಹೆಚ್ಚಿನ ಶಾಸಕರು ಮನೆಯಲ್ಲೇ ಸಿಗುತ್ತಾರೆ. ಬಾಗಿಲಲ್ಲಿ ಪಿಎ ಕೇಳೋದು ಒಂದೇ ಪ್ರಶ್ನೆ, "ಯಾವೂರು, ಯಾರ ಕಡೆಯವರು?" ನಾನು ಊರು ಹೇಳಿ ಬೂತ್ ನಂಬರ್ ಹೇಳಿದೆ, ಅಲ್ಲಿ ಸಾಹೇಬರಿಗೆ ಬಿದ್ದ ಮತ ಎಷ್ಟು ಅಂತಲೂ ಹೇಳಿದೆ. ಆ ಮನುಷ್ಯ ಫೋನಿನಿಂದ ತಲೆ ಎತ್ತಿ ನನ್ನ ಕೈಲಿದ್ದ ನೋಟ್‌ಬುಕ್ ನೋಡಿದ. "ಸಾರ್, ಕೂತ್ಕಳಿ," ಅಂದ. "ಟೀ ತರಿಸ್ತೀನಿ."